ಖಾನಾಪುರದಿಂದ ಲೋಕಾಪುರಕ್ಕೆ: ಬತ್ತಿದ ಕಡಲಿನ ದಾರಿ

ಬೆಳಗಾವಿಗೆ ಹೋದವರು ಕೋಟೆಯೊಳಗಿನ ಕಮಲ ಬಸದಿ ನೋಡಿ, ಕುಂದಾ ಕಟ್ಟಿಸಿಕೊಂಡು ಊರಿಗೆ ಮರಳುವುದು ರೂಢಿ. ತಪ್ಪೇನಿಲ್ಲ. ಆದರೆ ಇನ್ನೆರಡು ದಿನ ಬಿಡುವಿದ್ದರೆ, ಖಾನಾಪುರದಿಂದ ಪೂರ್ವಕ್ಕೆ ಕಲ್ಲು ನೋಡುತ್ತ ಹೋಗಿರಿ. "ಕಲ್ಲು ನೋಡಾಕ ಯಾರರ ಪ್ರವಾಸ ಹೋಗ್ತಾರೇನ್ರೀ?" ಎಂದು ನಗಬೇಡಿರಿ. ಎಲೆಗೆ ಹಚ್ಚುವ ಸುಣ್ಣ ಮೊದಲು ಹುಟ್ಟಿದ್ದು ಹೇಗೆಂಬುದು ತಿಳಿಯುವುದು ಆ ದಾರಿಯಲ್ಲಿಯೇ.

ಬೆಳಗಾವಿ ಸುತ್ತಮುತ್ತ ಕಾಣುವುದು ಕರಿಕಲ್ಲು ಮತ್ತು ಕೆಂಪು ಜಂಬಿಟ್ಟಿಗೆ. ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾರಸ. ಅಲ್ಲಿಂದ ಸುಮಾರು 26 ಕಿ.ಮೀ. ದೂರದ ಖಾನಾಪುರ ಹಂಚಿಗೂ ಮಣ್ಣಿನ ಪಾತ್ರೆಗೂ ಹೆಸರಾದ ಊರು, ಜೇಡಿಮಣ್ಣಿನ ಸೀಮೆ. ಈ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಖಾನಾಪುರವನ್ನು ಹಾದು ಪೂರ್ವಕ್ಕೆ ಹರಿಯುತ್ತಾಳೆ. ನಾವೂ ಅವಳ ಬೆನ್ನು ಹಿಡಿಯೋಣ.

ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಹೊಳೆ ಗುಡ್ಡವನ್ನೇ ಸೀಳಿಕೊಂಡು ಹೋಗುತ್ತದೆ. ಅಲ್ಲಿನ ಕಲ್ಲನ್ನು ಮುಟ್ಟಿ ನೋಡಿರಿ, ಮರಳಿನ ಕಾಳು ಗಟ್ಟಿಯಾಗಿ ಬೆಸೆದಿರುತ್ತವೆ. ಎಲ್ಲಮ್ಮನ ಗುಡ್ಡ ಹತ್ತುವ ಭಕ್ತರು ಕಾಲಿಡುವುದು ಹಳೆಯ ಕಡಲೊಂದರ ಅಂಚಿನ ಮರಳ ಮೇಲೆ! ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿಯ ನೆಲ ತಗ್ಗಿ, ಆಳವಿಲ್ಲದ ಸಮುದ್ರ ಒಳಗೆ ಬಂದಿತ್ತು. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನೆಲ್ಲ ತಿರುಗಿ 1876ರಲ್ಲಿ ವರದಿ ಪ್ರಕಟಿಸಿದರು. ಈ ಕಲ್ಲುಗಳಿಗೆ ನಮ್ಮ ಕಲಾದಗಿಯ ಹೆಸರೇ ನಿಂತಿತು.

ಇನ್ನು ಯರಗಟ್ಟಿಯ ಮೇಲೆ ಲೋಕಾಪುರದ ಕಡೆ ಹೊರಳಿದರೆ ಮರಳುಗಲ್ಲು ಹಿಂದಾಗಿ ಬೂದಿಬಣ್ಣದ ಸುಣ್ಣದಕಲ್ಲು, ಡೋಲೊಮೈಟ್ ಸಿಗುತ್ತವೆ. ಇದೇ ಕಡಲೊಳಗಿನ ಕಟ್ಟೆ. ಕಟ್ಟೆ ಎಂದೆ, ಏಕೆಂದರೆ ಅದು ಕಟ್ಟಿದ್ದೇ ಹಾಗೆ. ಹೊಳೆಗಳು ತರುವ ಕೆಸರು ಕಡಿಮೆಯಿರಬೇಕು, ನೀರು ಬೆಚ್ಚಗಿರಬೇಕು, ಬಿಸಿಲು ತಳ ಮುಟ್ಟಬೇಕು. ಆಗ ನೀರಿನಲ್ಲಿ ಕರಗಿದ ಸುಣ್ಣ ತಳದಲ್ಲಿ ಕೂಡುತ್ತದೆ, ಗಡಸು ನೀರು ಕಾಯಿಸಿದ ಹಂಡೆಯೊಳಗೆ ಬಿಳಿ ಹಕ್ಕಳೆ ಕಟ್ಟುವುದಿಲ್ಲವೆ, ಹಾಗೆ. ತಳ ಮೆಲ್ಲಗೆ ಕುಸಿದಂತೆಲ್ಲ ಮೇಲೊಂದು ಪದರು, ಅದರ ಮೇಲೆ ಇನ್ನೊಂದು. ಅಮೆರಿಕದ ಬಳಿಯ ಬಹಾಮಾ ದ್ವೀಪಗಳ ಸುತ್ತ ಇಂಥ ಕಟ್ಟೆ ಇಂದಿಗೂ ಬೆಳೆಯುತ್ತಿದೆ.

ಆದರೆ ಬಹಾಮಾದಲ್ಲಿ ಹವಳ, ಶಂಖ, ಚಿಪ್ಪು ಎಲ್ಲ ಇವೆ. ಲೋಕಾಪುರದ ಕಡಲಿನಲ್ಲಿ ಒಂದು ಮೀನೂ ಇರಲಿಲ್ಲ! ಇದ್ದದ್ದು ಬಚ್ಚಲುಕಲ್ಲಿನ ಹಾವಸೆಯಂಥ ಸೂಕ್ಷ್ಮಜೀವಿಗಳ ಲೋಳೆ. ಅದು ಸುಣ್ಣದ ಕಣ ಹಿಡಿದು, ಮೇಲೆ ಮತ್ತೆ ಬೆಳೆದು, ಗುಮ್ಮಟವಾಗಿ ಕಲ್ಲಾಯಿತು. ಒಡೆದ ಕಲ್ಲಿನಲ್ಲಿ ಹೆಚ್ಚಿದ ಉಳ್ಳಾಗಡ್ಡಿಯ ಹಾಗೆ ಬಾಗಿದ ಗೆರೆ ಕಂಡರೆ ಅದೇ ಎಂದು ತಿಳಿಯಿರಿ. ಸ್ಟ್ರೊಮಾಟೊಲೈಟ್ ಎಂದು ಅದರ ಹೆಸರು. ನಾವು ಉಸಿರಾಡುವ ಗಾಳಿಗೆ ಆಮ್ಲಜನಕ ತುಂಬಿದ್ದು ಇವುಗಳ ಬಳಗವೇ. ಜೀವಂತವಾಗಿ ನೋಡಬೇಕೆಂದರೆ ಆಸ್ಟ್ರೇಲಿಯದ ಶಾರ್ಕ್ ಕೊಲ್ಲಿಗೆ ಹೋಗಬಹುದು.

ಮನೆಗೂ ಈ ಕಲ್ಲಿಗೂ ನಂಟಿದೆ. ಅಂಗಡಿಯ ರಂಗೋಲಿ ಪುಡಿ ಎಷ್ಟೋ ಸಲ ಬೀಸಿದ ಡೋಲೊಮೈಟೇ. ಅಡಿಗೆಮನೆಯ ಶಹಾಬಾದ ಫರಸಿ, ಒಲೆಕಟ್ಟೆಯ ಕಡಪಾ ಕಲ್ಲು ಬೇರೆ ಹಳೆಯ ಕಡಲುಗಳ ತಳ. ಅವುಗಳ ಮೇಲೆ ನಿಂಬೆರಸ, ಹುಣಸೆನೀರು ಬಿದ್ದರೆ ಕೂಡಲೇ ಒರೆಸಿಬಿಡಿರಿ. ಹುಳಿ ಸುಣ್ಣವನ್ನು ತಿಂದು ಹೊಳಪು ಹೋಗುತ್ತದೆ.

ನನಗೆ ಬೇಸರವೆನಿಸುವುದು ಒಂದೇ. ಇದೇ ಕಲ್ಲು ಸಿಮೆಂಟಿಗೂ ಬೇಕು. ಸಿಮೆಂಟು ಬೇಡವೆನ್ನಲು ಬಾಯಿಲ್ಲ, ನಮ್ಮ ಮನೆಯೂ ಅದರದೇ. ಆದರೂ ಗೆರೆಗಲ್ಲಿರುವ ಒಂದೆರಡು ಎಕರೆಗಾದರೂ ಬೇಲಿ ಹಾಕಬಾರದೆ? ರಾಜಸ್ಥಾನದ ಭೋಜುಂಡಾ, ಝಾಮರಕೋಟ್ರಾಗಳಲ್ಲಿ ಇಂಥವೇ ಕಲ್ಲುಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಾಗಿವೆ. ನಮ್ಮ ಲಾಲ್‌ಬಾಗಿನ ಬಂಡೆಗೂ ಆ ಮಾನವಿದೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ಗುರುಗಳಿಗೆ ಹೇಳಿ, ಸಹಲಿಗೆ ಈ ಕಡೆಯೂ ಕರೆತರಲಿ.

ಹೊರಡುವುದಾದರೆ ಚಳಿಗಾಲವೇ ಲೇಸು. ಲೋಕಾಪುರದ ಕಡೆ ನೆರಳು ಕಡಿಮೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಸಾಕಷ್ಟು ನೀರು ಜೊತೆಗಿರಲಿ. ಅಪ್ಪಣೆಯಿಲ್ಲದೆ ಕಲ್ಲಿನ ಖಣಿಯೊಳಗೆ ಇಳಿಯಬೇಡಿರಿ. ಹೊಲದ ಬದುವಿನಲ್ಲಿ ಗೆರೆಗಲ್ಲು ಕಂಡರೆ ಫೋಟೋ ತೆಗೆದುಕೊಂಡು, ಅಲ್ಲಿಯೇ ಬಿಟ್ಟು ಬನ್ನಿರಿ.