ಮುಳ್ಳಯ್ಯನಗಿರಿಯ ದಾರಿಯಲ್ಲಿ ಹಳೆಯ ಜೀಪು

ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯು ಸುಮಾರು 1,930 ಮೀಟರು ಎತ್ತರವಾಗಿದೆ. ಅಲ್ಲಿ ಗಾಳಿಯ ಒತ್ತಡವು ಕಡಲ ತೀರಕ್ಕಿಂತ ಹೆಚ್ಚುಕಡಮೆ ಐದರಲ್ಲೊಂದು ಪಾಲು ಕಡಮೆಯಾದುದರಿಂದ, ಹಳೆಯ ಎಂಜಿನಿನ ಕಸುವು ತುಸು ಕುಗ್ಗುವುದು ಸಹಜವೇ.

ಆದರೆ ನಾವು ಕುಳಿತಿದ್ದ ಹಳೆಯ ಡೀಸೆಲ್ ಜೀಪು ಕಾಫಿಯ ತೋಟಗಳನ್ನು ದಾಟುವ ಮೊದಲೇ, ಎಷ್ಟು ತುಳಿದರೂ ವೇಗವೇರದೆ ಏದುಸಿರು ಬಿಡತೊಡಗಿತು. ಒಂದು ಮಗ್ಗುಲಿಗೆ ಬಂಡೆ, ಇನ್ನೊಂದಕ್ಕೆ ಕಮರಿ. ಜತೆಯಲ್ಲಿ ವೃದ್ಧರೂ ಮಕ್ಕಳೂ ಇದ್ದರು. ಚಾಲಕರು ಸಮತಟ್ಟಾದೆಡೆಯಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಕ್ರಮವಾಗಿ ಪರೀಕ್ಷಿಸಿದರು. ಚಕ್ರಗಳ ಬಳಿ ಬಿಸಿಯಿರಲಿಲ್ಲ, ಬ್ರೇಕು ಹಿಡಿದುಕೊಂಡಿಲ್ಲವೆಂದಾಯಿತು. ಎಂಜಿನು ಮಾತ್ರ ಅಬ್ಬರಿಸಿ ವಾಹನವು ಹಿಂದುಳಿದಿದ್ದರೆ ಕ್ಲಚ್ಚು ಜಾರುತ್ತಿದೆಯೆನ್ನಬಹುದಿತ್ತು, ಅದೂ ಇಲ್ಲ. ಕರಿಯ ಹೊಗೆ ಕಂಡಿದ್ದರೆ ಗಾಳಿಯ ಫಿಲ್ಟರು ಧೂಳಿನಿಂದ ಮುಚ್ಚಿದೆಯೆಂದು ಶಂಕಿಸಬಹುದಿತ್ತು, ಹೊಗೆಯೂ ಇರಲಿಲ್ಲ. ಹಾಗಾದರೆ ಎಂಜಿನಿಗೆ ಎಣ್ಣೆಯೇ ಸಾಲುತ್ತಿಲ್ಲವೆಂದು ಅವರು ಊಹಿಸಿದರು. ಬಿಚ್ಚಿ ನೋಡಲು ಡೀಸೆಲ್ ಫಿಲ್ಟರು ಕೆಸರುಗಟ್ಟಿದ್ದಿತು. ಪೆಟ್ಟಿಗೆಯಲ್ಲಿದ್ದ ಹೊಸದನ್ನು ಹಾಕಿ, ಕೊಳವೆಯೊಳಗೆ ಸೇರಿದ ಗಾಳಿಯನ್ನು ಹೊರದೂಡಿದೊಡನೆ ಜೀಪು ಸರಾಗವಾಗಿ ಏರಿತು.

ಹಳೆಯ ವಾಹನದಲ್ಲಿ ಕುಟುಂಬಸಮೇತರಾಗಿ ಗಿರಿಯಾತ್ರೆಗೆ ಹೊರಡುವ ಗೃಹಸ್ಥರು ಈ ನಾಲ್ಕನ್ನೂ ಮನೆಯ ಬಾಗಿಲಲ್ಲಿಯೇ ನೋಡಿಸಿಕೊಳ್ಳುವುದು ಲೇಸು. ಬದಲಿ ಫಿಲ್ಟರೊಂದು ಬುತ್ತಿಯ ಜತೆಗಿದ್ದರೆ ಇನ್ನೂ ಲೇಸು.