ಎಷ್ಟು ಓಡುತ್ತದೆ?

ಕರೆಂಟಿನ ಕಾರು ನಮ್ಮ ಮನೆಗೆ ಬಂದ ದಿನ ಬೀದಿಯ ನಾಯಿ ಕೂಡ ತಲೆ ಎತ್ತಿ ನೋಡಲಿಲ್ಲ. ಹಳೆಯ ಪೆಟ್ರೋಲು ಕಾರು ಹಾಗಲ್ಲ. ಹದಿನಾಲ್ಕು ವರ್ಷ ನಮ್ಮ ಸೇವೆ ಮಾಡಿದ ಅದು ರಸ್ತೆಯ ತಿರುವಿನಲ್ಲಿರುವಾಗಲೇ ಕೆಮ್ಮಿ ತನ್ನ ಆಗಮನವನ್ನು ಸಾರುತ್ತಿತ್ತು. ಆ ಕೆಮ್ಮು ಕೇಳಿದೊಡನೆ ನನ್ನ ಹೆಂಡತಿ ಕಾಫಿಗೆ ನೀರಿಡುತ್ತಿದ್ದಳು. ನಾನು ಗೇಟು ಹಾಕಿ, ಚಪ್ಪಲಿ ಬಿಟ್ಟು ಒಳಗೆ ಬರುವುದಕ್ಕೂ ಕಾಫಿ ಲೋಟ ಮೇಜಿನ ಮೇಲೆ ಬರುವುದಕ್ಕೂ ಸರಿಹೋಗುತ್ತಿತ್ತು. ಈ ಹೊಸ ಕಾರು ಬೆಕ್ಕಿನ ಹಾಗೆ ಬಂದು ಅಂಗಳದಲ್ಲಿ ನಿಲ್ಲುತ್ತದೆ. "ಅಯ್ಯೋ, ಯಾವಾಗ ಬಂದ್ರಿ?" ಎಂಬ ಪ್ರಶ್ನೆಯಾದ ಮೇಲೆ ಕಾಫಿಗೆ ನೀರು. ಈ ಕಾರಿನ ಬಗ್ಗೆ ನನ್ನ ಮೊದಲ ದೂರು ಇದೇ. ಜೊತೆಗೆ ಕೊಟ್ಟ ಪುಸ್ತಕದಲ್ಲಿ ಇದಕ್ಕೆ ಪರಿಹಾರ ಬರೆದಿಲ್ಲ.

ಕಾರು ನೋಡಲು ಬಂದವರದು ಒಂದೇ ಪ್ರಶ್ನೆ: "ಎಷ್ಟು ಓಡುತ್ತೆ ಸಾರ್?" ಬೆಲೆ ಕೇಳುವವರು ಕಡಿಮೆ, ಬಣ್ಣ ಹೊಗಳುವವರು ಇನ್ನೂ ಕಡಿಮೆ. ಹಸು ಕೊಂಡು ತಂದಾಗ "ಹೊತ್ತಿಗೆ ಎಷ್ಟು ಕೊಡುತ್ತೆ?" ಎಂದು ಕೇಳುವ ಹಾಗೆ. ಉತ್ತರವೂ ಹಸುವಿನದರಂತೆಯೇ. ದಳ್ಳಾಳಿ ಹೇಳಿದ ಹಾಲು ಬೇರೆ, ಕೊಟ್ಟಿಗೆಯಲ್ಲಿ ಕರೆದ ಹಾಲು ಬೇರೆ. ಕಾಗದದ ಪ್ರಕಾರ ನಮ್ಮ ಕಾರು ಒಂದು ಸಲ ಚಾರ್ಜು ಮಾಡಿದರೆ 290 ಕಿಲೋಮೀಟರಿಗೂ ಮೇಲೆ ಓಡಬೇಕು. ಅದು ಪರೀಕ್ಷೆಯ ಯಂತ್ರದ ಮೇಲೆ ಚಕ್ರ ತಿರುಗಿಸಿ ತೆಗೆದ ಲೆಕ್ಕ. ಮಲೆನಾಡಿನ ಏರು, ಒಳಗೆ ಏಸಿ, ಹಿಂದಿನ ಸೀಟಿನಲ್ಲಿ ಸಂಸಾರ, ಡಿಕ್ಕಿಯಲ್ಲಿ ತೆಂಗಿನಕಾಯಿ ಮೂಟೆ, ಇಷ್ಟೂ ಸೇರಿದರೆ 200.

ಬ್ಯಾಟರಿ ಹಿಡಿಯುವುದು 24 ಯೂನಿಟ್. ಈ ಯೂನಿಟ್ ಬೇರೇನೂ ಅಲ್ಲ, ಮೀಟರ್ ನೋಡುವವನು ಹರಿದು ಕೊಡುವ ಬಿಲ್ಲಿನಲ್ಲಿರುವುದೇ: ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಂದು ಗಂಟೆ ಉಣ್ಣುವಷ್ಟು. ಒಂದು ಯೂನಿಟ್ಟಿಗೆ ಎಂಟು ಕಿಲೋಮೀಟರು. ಮನೆಯ ಕರೆಂಟಾದರೆ ಯೂನಿಟ್ಟಿಗೆ ಆರು ರೂಪಾಯಿಯ ಆಸುಪಾಸು. ನಿವೃತ್ತನಾದರೂ ಬ್ಯಾಂಕಿನ ಗುಮಾಸ್ತನ ಬುದ್ಧಿ ಹೋಗಿಲ್ಲ. ರಸ್ತೆಯಲ್ಲಿ ಎದುರಿಗೆ ಲಾರಿ ಬರುತ್ತಿದ್ದರೂ ಮನಸ್ಸು ಗುಣಾಕಾರ ಮಾಡುತ್ತಿರುತ್ತದೆ.

ಕರೆಂಟಿನ ಕಾರು ನಮ್ಮ ನಾಡಿಗೆ ಹೊಸದೇನಲ್ಲ. 2001ರಲ್ಲೇ ಬೆಂಗಳೂರಿನಲ್ಲಿ ರೇವಾ ಎಂಬ ಪುಟ್ಟ ಕಾರು ತಯಾರಾಯಿತು. ಮುಂದೆ ದೊಡ್ಡವರಿಬ್ಬರು, ಹಿಂದೆ ಮಕ್ಕಳಿಬ್ಬರು. ಲಂಡನ್ನಿಗೂ ಹೋಗಿ ಅಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು. ತಂಗಿಯ ಮನೆಗೆಂದು ಬೆಂಗಳೂರಿಗೆ ಹೋದಾಗ ಅದನ್ನು ನೋಡಿದ್ದೆ. ಒಂದು ಚಾರ್ಜಿಗೆ ಸುಮಾರು 80 ಕಿಲೋಮೀಟರು ಎಂದು ತಿಳಿದು, "ಇದು ಪೇಟೆ ಸುತ್ತಲಿಕ್ಕಾಯಿತು, ಊರಿಗೆ ಹೋಗಲಿಕ್ಕಲ್ಲ" ಎಂದು ಭಾವನ ಮುಂದೆ ತೀರ್ಪು ಕೊಟ್ಟಿದ್ದೆ. ಊರು ಎಂದಾಗ ನಾನು ಯಾವ ಊರನ್ನು ನೆನೆದೆನೋ ಈಗ ಹೇಳಲಾರೆ. ನಮಗೆ ಊರು ಎಂಬುದೇ ಇಲ್ಲ. ಆ ಮಾತು ಮುಂದೆ ಬರುತ್ತದೆ.

ಕಾರು ಬಂದ ದಿನವೇ ಸಂಜೆ ಅದರ ಬಾಲವನ್ನು ಹದಿನೈದು ಆ್ಯಂಪಿಯರಿನ ಸಾಕೆಟ್ಟಿಗೆ ಸಿಕ್ಕಿಸಿದೆ. ಹಸಿರು ದೀಪ ಬರಬೇಕಾದಲ್ಲಿ ಕೆಂಪು ಬಂತು. ಎಲೆಕ್ಟ್ರಿಷಿಯನ್ ಹುಡುಗ ಬಂದು, ಗೋಡೆಗೆ ಕಿವಿಗೊಡುವ ವೈದ್ಯನಂತೆ ಪರೀಕ್ಷೆ ಮಾಡಿ, "ಸಾರ್, ನಿಮ್ಮ ಮನೆಗೆ ಅರ್ತೇ ಇಲ್ಲ" ಎಂದ. ಇಪ್ಪತ್ತೆರಡು ವರ್ಷ ಈ ಮನೆಯಲ್ಲಿ ಮಿಕ್ಸಿ, ಫ್ರಿಜ್ಜು, ಗ್ರೈಂಡರು ಎಲ್ಲ ತಿರುಗಿವೆ. ಸಾಕೆಟ್ಟಿನ ಮೂರನೆಯ ತೂತು ಬರೀ ಅಲಂಕಾರಕ್ಕೆ ಇತ್ತೆಂದು ಯಾರೂ ಹೇಳಿರಲಿಲ್ಲ. ಮಿಕ್ಸಿ ಇದನ್ನೆಲ್ಲ ಕೇಳುವುದಿಲ್ಲ. ಈ ಕಾರು ಕೇಳುತ್ತದೆ. ನೆಲದ ಆಸರೆ ಇದೆ ಎಂದು ಖಾತ್ರಿಯಾಗದೆ ಒಂದು ತೊಟ್ಟು ಕರೆಂಟು ಕುಡಿಯುವುದಿಲ್ಲ.

ಮರುದಿನ ದಾಸವಾಳದ ಗಿಡದ ಪಕ್ಕ ಗುಂಡಿ ತೋಡಿ, ಕೊಳವೆ ಇಳಿಸಿ, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿದರು. ಜಗಲಿಯಲ್ಲಿ ಕೂತು ನೋಡುತ್ತಿದ್ದ ಅಮ್ಮ, "ಕಾರಿಗೂ ಉಪ್ಪು ಹಾಕಿ ಸಾಕಬೇಕೇನೋ ತಮ್ಮಾ?" ಎಂದಳು. ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರನ್ನೂ ಹಾಕಬೇಕೆಂದು ಹುಡುಗ ಹೇಳಿದ. "ಹಾಗಾದ್ರೆ ಹಸುವೇ ಸೈ" ಎಂದು ಅಮ್ಮ ತೀರ್ಮಾನಿಸಿದಳು.

ಈ ಹಸುವಿಗೆ ಮೇವು ಹಾಕುವ ದಾರಿ ಮೂರು. ಒಂದು, ಮನೆಯ ಸಾಕೆಟ್ಟು: ಗಂಟೆಗೆ ಮೂರು ಯೂನಿಟ್ಟಿನ ಲೆಕ್ಕ, ರಾತ್ರಿ ಮಲಗುವಾಗ ಹಾಕಿದರೆ ಬೆಳಿಗ್ಗೆಗೆ ತುಂಬಿರುತ್ತದೆ. ಎರಡು, ಗೋಡೆಗೆ ಕೂರಿಸುವ ದೊಡ್ಡ ಪೆಟ್ಟಿಗೆ: ನಾಲ್ಕು ಗಂಟೆಯೊಳಗೆ ಮುಗಿಯುತ್ತದೆ, ಆದರೆ ಖರ್ಚು ಬೇರೆ. ಮೂರು, ಹೆದ್ದಾರಿಯ ವೇಗದ ಚಾರ್ಜರು: ಮುಕ್ಕಾಲು ಹೊಟ್ಟೆ ತುಂಬಲು ಒಂದು ಗಂಟೆ. ಬ್ಯಾಟರಿಗೆ ಬೇಕಾದದ್ದು ಮನೆಗೆ ಬರುವ ಜಾತಿಯ ಕರೆಂಟಲ್ಲ. ಮನೆಯದನ್ನು ಕಾರು ತನ್ನೊಳಗೇ ಪರಿವರ್ತಿಸಿಕೊಳ್ಳಬೇಕು, ಹಾಗಾಗಿ ನಿಧಾನ. ಹೆದ್ದಾರಿಯ ಯಂತ್ರ ಆ ಅಡಿಗೆಯನ್ನು ಹೊರಗೇ ಮುಗಿಸಿ ನೇರವಾಗಿ ಬಡಿಸುತ್ತದೆ. ಕಾರಿನ ಬಾಯಲ್ಲಿ ಮೇಲಿನ ಏಳು ತೂತು ನಿಧಾನದ ಊಟಕ್ಕೆ, ಅವಸರದ ಊಟ ಇಳಿಯುವುದು ಕೆಳಗಿನ ಎರಡು ದೊಡ್ಡ ತೂತುಗಳಿಂದ. ಅವಸರಕ್ಕೆ ಬೆಲೆ ಮೂರು ನಾಲ್ಕು ಪಟ್ಟು. ಅದರ ಮೇಲೆ ಒಂದೊಂದು ಕಂಪನಿಗೆ ಒಂದೊಂದು ಆ್ಯಪ್. ನನ್ನ ಫೋನಿನಲ್ಲಿ ಐದು ಇವೆ. ಐದರಲ್ಲೂ ನೂರಿನ್ನೂರು ರೂಪಾಯಿ ಕೂತಿದೆ, ಹಳೆಯ ಕಾಲದ ಕಿರಾಣಿ ಅಂಗಡಿಗಳಲ್ಲಿ ಮುಂಗಡ ಇಟ್ಟ ಹಾಗೆ.

ತಿಂಗಳ ಕೊನೆಗೆ ಮನೆಯೊಳಗೆ ಗುಡುಗಿತು. 2023ರ ಆಗಸ್ಟಿನಿಂದ ಗೃಹಜ್ಯೋತಿಯ ಕೃಪೆಯಿಂದ ನಮ್ಮದು ಸೊನ್ನೆ ಬಿಲ್ಲು. ಆ ಸೊನ್ನೆಯನ್ನು ಹೆಂಡತಿ ದೇವರ ಪಟದ ಹಿಂದೆ ಜೋಡಿಸಿಡುತ್ತಿದ್ದಳು. ಕಾರು ಸಾವಿರ ಕಿಲೋಮೀಟರು ಓಡಿದ ತಿಂಗಳು ಮನೆಯ ಲೆಕ್ಕ 200 ಯೂನಿಟ್ ದಾಟಿತು. ಇನ್ನೂರು ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. "ಬಿಟ್ಟಿ ಬರ್ತಿದ್ದ ಕರೆಂಟಿಗೆ ದುಡ್ಡು ಕಟ್ಟೋ ಹಾಗೆ ಮಾಡಿದ್ರಲ್ರೀ!" ಎಂದು ಅವಳು. ಪೆಟ್ರೋಲಿನ ಉಳಿತಾಯವನ್ನು ಕಾಗದದ ಮೇಲೆ ಕೂಡಿ ತೋರಿಸಿದೆ. ಅವಳು ನೋಡಲಿಲ್ಲ. ಜಗಲಿಯಿಂದ ಅಮ್ಮ ಕೇಳಿದಳು:

"ಈ ಕರೆಂಟು ಎಲ್ಲಿಂದ ಬರೋದು?"

ಎಂಬತ್ತನಾಲ್ಕರ ಅಮ್ಮ ಇದನ್ನು ಸುಮ್ಮನೆ ಕೇಳುವುದಿಲ್ಲ. ನಮ್ಮದು ಶರಾವತಿ ಮುಳುಗಡೆಯ ಮನೆತನ. ಲಿಂಗನಮಕ್ಕಿ ಆಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ ನಮ್ಮನ್ನು ಲಾರಿಯಲ್ಲಿ ತಂದು ಕುಂಸಿಯ ಕಡೆಯ ಕಾಡಿನಲ್ಲಿ ಇಳಿಸಿದರು. ನನಗೆ ಆಗ ನಾಲ್ಕು ವರ್ಷ. ಪಾತ್ರೆಗಳ ನಡುವೆ ಕೂತದ್ದು ಮಾತ್ರ ನೆನಪಿದೆ. ಅಮ್ಮನಿಗೆ ಎಲ್ಲವೂ ನೆನಪಿದೆ. ಅವಳು ಹುಟ್ಟಿದ ಮನೆ, ಕೊಟ್ಟ ಮನೆ ಎರಡೂ ಒಂದೇ ಊರಿನವು, ಎರಡೂ ನೀರಿನಡಿಗೆ ಹೋದವು. ಆ ನೀರಿನಿಂದ ಹುಟ್ಟಿದ ಕರೆಂಟು ಬೆಂಗಳೂರನ್ನು ಬೆಳಗಿತು. ನಮ್ಮ ಹೊಸ ಮನೆಗೆ ತಂತಿ ಬಂದದ್ದು 1983ರಲ್ಲಿ. ಅಲ್ಲಿಯವರೆಗೆ ಸೀಮೆಎಣ್ಣೆ ಬುಡ್ಡಿ. ಅಪ್ಪ ಆ ಬಲ್ಬಿನ ಬೆಳಕನ್ನು ಎರಡು ವರ್ಷ ನೋಡಿದರು. ಅಮ್ಮ ಮುಂದೆ ನನ್ನ ಜೊತೆ ಶಿವಮೊಗ್ಗಕ್ಕೆ ಬಂದಳು. ಆದರೆ ಹಿನ್ನೀರಿನ ಕಡೆಗೆ ಒಮ್ಮೆಯೂ ಮುಖ ಹಾಕಲಿಲ್ಲ. ಸಿಗಂದೂರಿಗೆ ಹೋಗೋಣವೆಂದರೆ, "ನಮ್ಮ ಮನೆಯ ಮೇಲೆ ಲಾಂಚಿನಲ್ಲಿ ಕೂತು ಹೋಗೋದಾ?" ಎಂದು ಎದ್ದು ಒಳಗೆ ಹೋಗುತ್ತಿದ್ದಳು.

ಅವಳಿಗೆ ಏನು ಹೇಳಲಿ? ತಂತಿಯೊಳಗೆ ಎಲ್ಲವೂ ಬೆರೆತಿರುತ್ತದೆ. ರಾಯಚೂರಿನ ಕಲ್ಲಿದ್ದಲಿನದು, ಪಾವಗಡದ ಬಿಸಿಲಿನದು, ಶರಾವತಿಯದು, ಎಲ್ಲ. "ರಾತ್ರಿ ಹೊತ್ತು ಬಿಸಿಲಿನದು ಇರಲ್ಲ ಅಮ್ಮಾ. ನಮ್ಮ ಹೊಳೆಯದ್ದು ಸ್ವಲ್ಪ ಇದ್ದೇ ಇರ್ತದೆ" ಎಂದೆ. ಅವಳು ಬಹಳ ಹೊತ್ತು ಕಾರನ್ನೇ ನೋಡಿದಳು. ವಾರದ ನಂತರ, ಊಟಕ್ಕೆ ಕೂತಾಗ, "ಸೇತುವೆ ಆಗ್ಯದಂತಲ್ಲ. ಒಂದು ಸಲ ಹೋಗಿ ಬರೋಣ" ಎಂದಳು.

ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಎರಡು ಕಿಲೋಮೀಟರಿಗೂ ಮಿಕ್ಕ ಉದ್ದ. ದೀಪಾವಳಿ ಕಳೆದ ಮೇಲೆ, ನವೆಂಬರಿನಲ್ಲಿ, ನಾವು ಮೂವರು ಹೊರಟೆವು. ಆಚೆ ದಡದಲ್ಲಿ ಅಮ್ಮನ ಚಿಕ್ಕಪ್ಪನ ಮಗಳಿದ್ದಾಳೆ, ನನಗೆ ಚಿಕ್ಕಮ್ಮ. ಅವಳನ್ನು ಕೊಟ್ಟ ಮನೆ ಎತ್ತರದಲ್ಲಿದ್ದುದರಿಂದ ಉಳಿದುಕೊಂಡಿತ್ತು. ಅಲ್ಲಿಗೆ ಸುಮಾರು 115 ಕಿಲೋಮೀಟರು, ಹೋಗಿ ಬರಲು 230. ಕಾರು ಓಡುವುದು 200. ಬ್ಯಾಂಕಿನವನಿಗೆ ಈ ಕೊರತೆ ತಿಳಿಯದೇ? ಸಾಗರದಲ್ಲಿ ಒಂದು ಹೋಟೆಲಿನ ಅಂಗಳದಲ್ಲಿ ವೇಗದ ಚಾರ್ಜರು ಇದೆ ಎಂದು ಆ್ಯಪ್ ಹಸಿರು ಗುರುತು ತೋರಿಸಿತ್ತು. ಕಾಫಿ ಕುಡಿಯುತ್ತ ತುಂಬಿಸಿದರಾಯಿತು ಎಂದುಕೊಂಡಿದ್ದೆ.

ಆಯನೂರು, ಕುಂಸಿ, ಆನಂದಪುರ ದಾಟಿದೆವು. ಇಳಿಜಾರಿನಲ್ಲಿ ಕಾಲು ತೆಗೆದರೆ ಚಕ್ರಗಳೇ ಮೋಟಾರನ್ನು ತಿರುಗಿಸಿ ಬ್ಯಾಟರಿಗೆ ತುಸು ಕರೆಂಟು ವಾಪಸು ತುಂಬುತ್ತವೆ. ಅಮ್ಮನಿಗೆ ತೋರಿಸಿದೆ. "ತಗೊಂಡಿದ್ರಲ್ಲಿ ಚೂರಾದ್ರೂ ವಾಪಸು ಕೊಡ್ತದಲ್ಲ" ಎಂದಳು. ನಾನು ಮಾತಾಡಲಿಲ್ಲ.

ಸಾಗರದ ಚಾರ್ಜರು ದ್ವಾರಪಾಲಕನಂತೆ ನೆಟ್ಟಗೆ ನಿಂತಿತ್ತು. ಪರದೆ ಮಾತ್ರ ಕಪ್ಪು. "ಮೂರು ದಿನದಿಂದ ಹಂಗೇ ಐತೆ ಸಾರ್, ಹೇಳಿದೀವಿ" ಎಂದ ಹೋಟೆಲಿನ ಹುಡುಗ. ಫೋನಿನಲ್ಲಿ ಅದು ಇನ್ನೂ ಹಸಿರಾಗಿಯೇ ಇತ್ತು. ಹಿಂದಿರುಗೋಣವೇ ಎಂದು ಹೆಂಡತಿಯ ಮುಖ ನೋಡಿದೆ. ಅವಳು ಅಮ್ಮನ ಮುಖ ನೋಡಿದಳು. ಅರವತ್ತೆರಡು ವರ್ಷಕ್ಕೆ ಹೊರಟವಳನ್ನು ಒಂದು ಯಂತ್ರದ ಸಲುವಾಗಿ ವಾಪಸು ಕರೆದೊಯ್ಯಲು ಮನಸ್ಸು ಬರಲಿಲ್ಲ. ಮುಂದಕ್ಕೆ ಬಿಟ್ಟೆ.

ಸೇತುವೆಯ ಮೇಲೆ ಅಮ್ಮ ಕಿಟಕಿ ಇಳಿಸಿದಳು. ಕಾರಿನ ಸದ್ದಿಲ್ಲದ್ದರಿಂದ ಕೆಳಗೆ ನೀರು ಕಂಬಕ್ಕೆ ಬಡಿಯುವುದು ಕೇಳುತ್ತಿತ್ತೋ, ಹಾಗೆಂದು ನನಗನ್ನಿಸಿತೋ. ಕೆರೆ ತುಂಬಿತ್ತು. ಕಾಣಲು ಏನೂ ಇರಲಿಲ್ಲ. ಆಚೆ ತುದಿಯಲ್ಲಿ ನಿಲ್ಲಿಸಿ ಇಳಿಸಿದೆ. ಅಮ್ಮ ನೀರನ್ನು ನೋಡದೆ ನಡುಗಡ್ಡೆಯಾಗಿ ನಿಂತ ಗುಡ್ಡಗಳ ನೆತ್ತಿಗಳನ್ನು ಎಣಿಸಿದಳು. ಎರಡು ನೆತ್ತಿಗಳ ನಡುವೆ ಬೆರಳಿಟ್ಟು, "ಅಲ್ಲಿ" ಎಂದಳು. ಅಷ್ಟೇ. ಕಣ್ಣಲ್ಲಿ ನೀರು ಬಂದೀತೆಂದು ಹೆಂಡತಿ ಸೆರಗು ಹಿಡಿದು ಹತ್ತಿರ ನಿಂತಿದ್ದಳು. ಬರಲಿಲ್ಲ.

ಚಿಕ್ಕಮ್ಮನ ಮನೆ ಮುಟ್ಟಿದಾಗ ಐದು ಗಂಟೆ, ಬ್ಯಾಟರಿಯಲ್ಲಿ ನೂರಕ್ಕೆ ನಲವತ್ತು. ಕೊಯ್ಲಿನ ಕಾಲ. ಅಂಗಳದಲ್ಲಿ ಅಡಿಕೆ ಸುಲಿಯುವ ಯಂತ್ರ ತಿರುಗುತ್ತಿತ್ತು. ನನ್ನ ಕಷ್ಟ ಕೇಳಿ ಚಿಕ್ಕಮ್ಮನ ಮಗ ಒಂದು ಮಾತೂ ಆಡದೆ ಯಂತ್ರ ನಿಲ್ಲಿಸಿ, ಅದರ ಪ್ಲಗ್ಗು ಕಿತ್ತು, "ಹಾಕು ಭಾವ ನಿನ್ನ ಕಾರಿಂದು" ಎಂದ. ಹೆಂಡತಿಯ ತಮ್ಮನಲ್ಲದಿದ್ದರೂ ಅವನು ಮೊದಲಿನಿಂದ ನನ್ನನ್ನು ಕರೆಯುವುದೇ ಹಾಗೆ. ಹಸಿರು ದೀಪ ಬಂತು. ಆ ಮನೆಗೆ ಅರ್ತ್ ಇತ್ತು.

ಒಂದೂವರೆ ಗಂಟೆಯಲ್ಲಿ ಕರೆಂಟು ಹೋಯಿತು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದನ್ನು ಗಾದೆ ಎಂದುಕೊಂಡಿದ್ದೆ. ಆ ಸಂಜೆ ಕಣ್ಣಾರೆ ಕಂಡೆ. ಶರಾವತಿಯ ದೊಡ್ಡ ವಿದ್ಯುದಾಗಾರದ ಶಕ್ತಿ 1,035 ಮೆಗಾವ್ಯಾಟ್. ಅದಕ್ಕೆ ನೀರು ಕೊಡುವ ಕೆರೆಯ ದಡದಲ್ಲಿ ಲಾಟೀನು ಹಚ್ಚಿದರು. "ಉಳೀರಿ, ಮತ್ತೆಂತ" ಎಂದಳು ಚಿಕ್ಕಮ್ಮ. ಪೆಟ್ರೋಲು ಕಾರಾಗಿದ್ದರೆ ಕಾಫಿ ಕುಡಿದು, ಕುಂಕುಮ ಹಚ್ಚಿಸಿಕೊಂಡು ಹೊರಟುಬಿಡುತ್ತಿದ್ದೆವು. ಈಗ ಹೊರಡುವ ಪ್ರಶ್ನೆಯೇ ಇರಲಿಲ್ಲ.

ಲಾಟೀನಿನ ಆಚೆ ಈಚೆ ಇಬ್ಬರು ಮುದುಕಿಯರು ಕೂತರು. ಮೊದಲು ಸತ್ತವರ ಮಾತು, ಆಮೇಲೆ ಗದ್ದೆಗಳ ಮಾತು. ರಾತ್ರಿ ಒಂಬತ್ತರ ಹೊತ್ತಿಗೆ ಜಗಳ ಶುರುವಾಯಿತು. ಬಾವಿಯ ಪಕ್ಕದ ಹಲಸಿನ ಮರ ಯಾರ ಪಾಲಿನದು ಎಂದು. "ಬೇಲಿ ನಿಮ್ಮ ಅಪ್ಪ ಸರಿಸಿದ್ದು" ಎಂದು ಅಮ್ಮ. "ಮರ ನೆಟ್ಟಿದ್ದೇ ನನ್ನ ಅಪ್ಪ ಅಕ್ಕಾ" ಎಂದು ಚಿಕ್ಕಮ್ಮ. ಆರು ದಶಕದಿಂದ ನೀರಿನಡಿಯಲ್ಲಿರುವ ಮರದ ಗಡಿಗಾಗಿ ಇಬ್ಬರೂ ಗಂಟಲು ಏರಿಸಿದರು. ಬಿಡಿಸಲು ಹೋದ ನನ್ನನ್ನು ಇಬ್ಬರೂ ಒಟ್ಟಿಗೆ ಗದರಿದರು. ಅಮ್ಮ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿ ಎಷ್ಟೋ ವರ್ಷವಾಗಿತ್ತು. ಹನ್ನೊಂದಕ್ಕೆ ಕರೆಂಟು ಬಂದು ಬಲ್ಬು ಹೊತ್ತಿಕೊಂಡಾಗ ಇಬ್ಬರೂ ಒಂದೇ ಚಾಪೆಯ ಮೇಲೆ ನಿದ್ದೆ ಹೋಗಿದ್ದರು.

ಬೆಳಿಗ್ಗೆ ಬ್ಯಾಟರಿ ಭರ್ತಿ. ಹದಿನಾಲ್ಕು ಹದಿನೈದು ಯೂನಿಟ್ ಎಂದು ಲೆಕ್ಕ ಹಾಕಿ ನೂರರ ನೋಟು ತೆಗೆದೆ. ಚಿಕ್ಕಮ್ಮನ ಮಗನಿಗೆ ಸಿಟ್ಟು ಬಂತು. "ಬಾಯಾರಿ ಬಂದವರಿಗೆ ನೀರು ಕೊಟ್ಟು ದುಡ್ಡು ಕೇಳ್ತಾರಾ?" ಎಂದ. ನಾನು ಒತ್ತಾಯ ಮಾಡುತ್ತಿದ್ದಾಗ ಕಾರಿನೊಳಗಿದ್ದ ಅಮ್ಮ, "ಒಳಗಿಡೋ ತಮ್ಮಾ. ಇದರದ್ದು ನಾವು ಆಗಲೇ ಕೊಟ್ಟಾಗದೆ" ಎಂದಳು. ನೋಟು ಜೇಬಿಗೆ ಹೋಯಿತು.

ಹಿಂದೆ ಬರುವಾಗ ಸೇತುವೆಯ ಮೇಲೆ ಅಮ್ಮ ಕಿಟಕಿ ಇಳಿಸಲಿಲ್ಲ. ತೊಡೆಯ ಮೇಲೆ ಚಿಕ್ಕಮ್ಮ ಕೊಟ್ಟ ಹಲಸಿನ ಹಪ್ಪಳದ ಕಟ್ಟು ಇತ್ತು. ಅದನ್ನು ಹಿಡಿದುಕೊಂಡೇ ಆನಂದಪುರದವರೆಗೂ ನಿದ್ದೆ ಮಾಡಿದಳು.

ಮೊನ್ನೆ ಹಾಲು ಹಾಕುವವನು ಕಾರಿನ ಸುತ್ತ ಒಂದು ಸುತ್ತು ಬಂದು ಅದೇ ಪ್ರಶ್ನೆ ಕೇಳಿದ: "ಎಷ್ಟು ಓಡುತ್ತೆ ಸಾರ್?" ಇನ್ನೂರು ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಜಗಲಿಯಿಂದ ಉತ್ತರ ಬಂತು.

"ನಮ್ಮೂರಿಗೆ ಹೋಗೋಷ್ಟು ಓಡ್ತದೆ. ವಾಪಸು ಬರೋಕೆ ಅಲ್ಲಿಯವರು ಹಾಕಿ ಕಳಿಸ್ತಾರೆ."