ಏನೋ ಕಸ್ತೂರಿ!

ಮಕ್ಕಳಿಗೆ ಬುದ್ಧಿ ಹೇಳುವವರು ಮನೆಗೆ ನಾಲ್ವರಿರುತ್ತಾರೆ. ಆದರೆ ಬಾಲ್ಯದಲ್ಲಿ ಕೇಳಿದ್ದು ತಲೆ ನರೆತ ಮೇಲೂ ಸಮಯಕ್ಕೆ ಒದಗುವಂತೆ ಹೇಳಿದವರು ಯಾರೆಂದು ಕೇಳಿದರೆ, ನಾನು ಜಿ. ಪಿ. ರಾಜರತ್ನಂ ಅವರ ಹೆಸರನ್ನು ಹೇಳುತ್ತೇನೆ.

1984ರ ಮಾತು. ನನಗೆ ಬ್ಯಾಂಕಿನಲ್ಲಿ ಬಡ್ತಿ ದೊರೆತಿತ್ತು. ಮನೆಗೆ ಹೊಸ ಸ್ಕೂಟರೂ ಬಂದಿತ್ತು. ಯುಗಾದಿಯ ದಿನ ಎಲ್ಲರೂ ಊಟಕ್ಕೆ ಕುಳಿತಿದ್ದೆವು. ನನ್ನ ಪಕ್ಕದ ಎಲೆ ತಮ್ಮನದು. ಅವನು ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿ ಆರು ತಿಂಗಳಾಗಿತ್ತು. ಅದನ್ನು ಅರಿತೂ ನಾನು ನನ್ನ ಸಂಬಳ, ನನ್ನ ಸ್ಕೂಟರು, ಮೇಲಧಿಕಾರಿಗಳ ಮೆಚ್ಚುಗೆ ಎಂದು ಒಂದೇ ಸಮನೆ ಕೊಚ್ಚಿಕೊಳ್ಳುತ್ತಿದ್ದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. “ದುಡಿಯುವ ಮನಸ್ಸಿದ್ದವನಿಗೆ ಕೆಲಸಕ್ಕೇನು ಬರ?” ಎಂದುಬಿಟ್ಟೆ. ತಮ್ಮನ ಕೈ ಎಲೆಯ ಮೇಲೆಯೇ ನಿಂತಿತು.

ಅಮ್ಮ ಸಾರು ಬಡಿಸುತ್ತಿದ್ದಳು. ಗದರಲಿಲ್ಲ. “ಏನೋ ಕಸ್ತೂರಿ, ಕೊಳದ ಬಳಿ ಜಾರುತ್ತದೆ, ನೋಡಿಕೊಂಡು ನಡೆ” ಎಂದಳು.

ನನ್ನ ಹೆಸರು ಕಸ್ತೂರಿಯಲ್ಲ. ಅವನು ‘ತುತ್ತೂರಿ’ ಪದ್ಯದ ಹುಡುಗ. ತಗಡಿನ ತುತ್ತೂರಿಯೊಂದನ್ನು ಕೊಂಡು, ತನ್ನ ಸಮಾನರಿಲ್ಲವೆಂದು ಮೆರೆದು, ಕೊಳದ ಬಳಿ ಅದನ್ನು ನೀರಿಗೆ ಜಾರಿಸಿಕೊಂಡವನು. ನೀರು ತುಂಬಿ ತುತ್ತೂರಿಯ ದನಿ ಕೆಟ್ಟಿತು, ಬಣ್ಣವೂ ಹೋಯಿತು. ಅಮ್ಮ ಆ ಪದ್ಯವನ್ನು ನಮ್ಮಿಬ್ಬರಿಗೂ ಒಂದೇ ಜಗಲಿಯ ಮೇಲೆ ಕಲಿಸಿದ್ದಳು. ಅದನ್ನು ಆಟವಾಗಿ ಆಡುವಾಗ ಊದುವ ಕೆಲಸ ನನ್ನದು. ತುತ್ತೂರಿಯನ್ನು ನೀರಿಗೆ ಬೀಳಿಸುವ ಸರದಿ ಬಂದರೆ ತಮ್ಮನನ್ನು ಮುಂದಕ್ಕೆ ತಳ್ಳುತ್ತಿದ್ದೆ.

ಅಮ್ಮ ನೇರವಾಗಿ ಬೈದಿದ್ದರೆ ನಾನು ವಾದಕ್ಕಿಳಿಯುತ್ತಿದ್ದೆ. ಕಸ್ತೂರಿಯ ಪರವಾಗಿ ವಾದಿಸುವುದು ಹೇಗೆ? ಐದನೆಯ ವಯಸ್ಸಿನಲ್ಲಿಯೇ ಅವನನ್ನು ಕಂಡು ನಕ್ಕಾಗಿತ್ತಲ್ಲ! ತಲೆ ತಗ್ಗಿಸಿದೆ. ತಮ್ಮನೇ ಮೊದಲು ನಕ್ಕ. ಆ ನಗೆಯಿಂದ ನನ್ನ ನಾಚಿಕೆ ಇಮ್ಮಡಿಸಿತು. ಸಂಜೆ ಅವನ ಕೋಣೆಗೆ ಹೋಗಿ ಕ್ಷಮೆ ಬೇಡಿದೆ.

ಕನ್ನಡದ ಮಕ್ಕಳಿಗಾಗಿ ಪಂಜೆ ಮಂಗೇಶರಾಯರು 1921ರಲ್ಲಿಯೇ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದ್ದರು. ರಾಜರತ್ನಂ ಎಂ.ಎ. ಓದಿದವರು; ಆದರೂ ಪುಟ್ಟ ಮಕ್ಕಳಿಗೆ ಪಾಠ ಹೇಳಿ, ಅವರ ನಾಲಗೆಗೆ ಹೊಂದುವಂತಹ ಪದ್ಯಗಳನ್ನು ಬರೆದರು. ‘ರತ್ನನ ಪದಗಳು’ ಬರೆದ ಲೇಖನಿಯೂ ಅದೇ. ಅವರು 1979ರಲ್ಲಿ ತೀರಿಕೊಂಡರು. ಐದು ವರ್ಷಗಳ ಮೇಲೆ, ಅವರು ಕಂಡರಿಯದ ಒಂದು ಮನೆಯಲ್ಲಿ, ಅಣ್ಣತಮ್ಮಂದಿರ ನಡುವೆ ಏಳಲಿದ್ದ ಗೋಡೆಯನ್ನು ಅವರ ಪದ್ಯ ತಡೆಯಿತು.

ಈಗ ಅಮ್ಮನಿಲ್ಲ. ನನ್ನ ಮಾತಿನಲ್ಲಿ ಜಂಬದ ಸುಳಿವು ಕಂಡರೆ ಸಾಕು, ತಮ್ಮ ದೂರವಾಣಿಯಲ್ಲಿ “ಏನೋ ಕಸ್ತೂರಿ...” ಎಂದು ರಾಗವೆಳೆಯುತ್ತಾನೆ. ನಾನು ಸುಮ್ಮನಾಗುತ್ತೇನೆ.